ಬುದ್ಧನ ಬಲಗೈ ಮತ್ತು ಐದು ಗುರುವಾರ

ಟವೆಲಿನಲ್ಲಿ ಸುತ್ತಿದ ಗಂಟನ್ನು ಎದೆಗೆ ಅವುಚಿಕೊಂಡು ಬಂದವನನ್ನು ಮ್ಯೂಸಿಯಮ್ಮಿನ ಗೇಟಿನಲ್ಲಿ ವಾಚ್‌ಮನ್ ತಡೆದ.

"ಏನ್ರೀ ಅದು?"

"ಕೈ."

"ಯಾರ ಕೈ?"

"ಬುದ್ಧಂದು ಅನ್ಸುತ್ತೆ."

ವಾಚ್‌ಮನ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಹಾಗಾದ್ರೆ ಅಂಟು ಮೇಡಂ ಹತ್ರ ಹೋಗಿ. ಹಿಂದಿನ ರೂಮು."

ಅಂಟು ಮೇಡಂ ಅನ್ನುವುದು ಅಲ್ಲಿಯವರು ಬೆನ್ನ ಹಿಂದೆ ಇಟ್ಟ ಹೆಸರು. ಪುರಾತನ ಬೌದ್ಧ ಶಿಲ್ಪಗಳ ಚೂರುಗಳನ್ನು ಎಲ್ಲೆಲ್ಲಿಂದಲೋ ಕೂಡಿಹಾಕಿ, ಯಾವುದು ಯಾವುದರದೆಂದು ಹುಡುಕಿ ಜೋಡಿಸುವುದು ಅವಳ ಕೆಲಸ. ಯಾರದೋ ಮನೆಯ ಮೆಟ್ಟಿಲಾಗಿದ್ದ ಕಮಲದ ದಳ, ಬಾಗಿಲು ಬಡಿಯದಂತೆ ಇಟ್ಟಿದ್ದ ಮೊಣಕಾಲು, ಅರ್ಧ ಕಿವಿ, ಗುಂಗುರು ಕೂದಲಿನ ಒಂದು ತುಣುಕು. ಒಟ್ಟು ಮುನ್ನೂರ ಹನ್ನೆರಡು ಚೂರುಗಳು ಉದ್ದನೆಯ ಮೇಜುಗಳ ಮೇಲೆ, ಮರಳು ತುಂಬಿದ ತಟ್ಟೆಗಳಲ್ಲಿ, ನಂಬರ್ ಚೀಟಿ ಕಟ್ಟಿಸಿಕೊಂಡು ಕೂತಿದ್ದವು. ನಿಮ್ಮಲ್ಲಿ ಕೆತ್ತನೆಯ ಹಳೇ ಕಲ್ಲಿದ್ದರೆ ತಂದು ತೋರಿಸಿ ಎಂದು ಪೇಪರಿನಲ್ಲಿ ಹಾಕಿಸಿದ್ದೂ ಅವಳೇ.

ಅದನ್ನು ಓದಿಯೇ ಇವನು ಬಂದದ್ದು. ಇವನದು ಕಲ್ಲು ಕೊಯ್ಯುವ ಅಂಗಡಿ. ಅಡುಗೆಮನೆಯ ಕಟ್ಟೆ, ಮೆಟ್ಟಿಲು, ಮನೆ ಹೆಸರಿನ ಫಲಕ, ಇಷ್ಟೇ ವ್ಯವಹಾರ. ಅಪ್ಪನ ಕಾಲದಿಂದ ಆ ಕೈ ಅಂಗಡಿಯ ಡ್ರಾಯಿಂಗ್ ಹಾಳೆಗಳ ಮೇಲೆ, ಅವು ಹಾರಿಹೋಗದಂತೆ ಕೂತಿತ್ತು.

ಅವಳು ಹುಬ್ಬಿನ ಮೇಲಿದ್ದ ಧೂಳನ್ನು ಹೆಗಲಿಗೆ ಒರೆಸಿಕೊಳ್ಳುತ್ತಾ ತಿರುಗಿದಳು. ಅವನು ಟವೆಲು ಬಿಚ್ಚಿದ. ಹೆದರಬೇಡ ಎಂದು ಅಂಗೈ ತೋರಿಸುವ ಬಲಗೈ. ಎರಡೂ ಕೈ ಚಾಚಿ, ಹಸುಗೂಸನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡಳು.

ಮೂಲೆಯಲ್ಲಿ ಆಳೆತ್ತರದ ಬುದ್ಧ ನಿಂತಿದ್ದ. ಬಲ ಮಣಿಕಟ್ಟಿನಿಂದ ಮುಂದೆ ಏನೂ ಇಲ್ಲ. ಅವಳು ಕೈಯನ್ನು ಅಲ್ಲಿಗೆ ಹಿಡಿದಳು. ಮುರಿದ ಅಂಚುಗಳು ಎರಡೂ ಕಡೆ ಸವೆದಿದ್ದರಿಂದ ಹಲ್ಲಿಗೆ ಹಲ್ಲು ಕೂರಲಿಲ್ಲ. ಆದರೆ ದಪ್ಪ, ಬಣ್ಣ, ಕೆತ್ತನೆ ಎಲ್ಲ ಒಂದೇ.

"ಹನ್ನೊಂದು ವರ್ಷ ಆಯ್ತು ರೀ, ಈ ಕೈ ಹುಡುಕ್ತಾ," ಅಂದು ಅವನತ್ತ ನೋಡಿ ನಕ್ಕಳು.

ಅವನ ಕತೆ ಅಲ್ಲಿಗೆ ಮುಗಿಯಿತು.

"ಸಮಿತಿ ಒಪ್ಪೋವರೆಗೂ ನಿಮ್ಮ ವಸ್ತು ಇಲ್ಲಿ ಇಟ್ಕೊಳ್ಳೋ ಹಾಗಿಲ್ಲ. ನೀವೇ ತಗೊಂಡು ಹೋಗಿ. ಪ್ರತಿ ಗುರುವಾರ ತರ್ತೀರಾ? ಅಳತೆ ಎಲ್ಲ ಆಗಬೇಕು. ತೊಂದರೆ ಆಗುತ್ತಾ?"

"ಅಯ್ಯೋ, ಏನ್ ತೊಂದರೆ!" ಅಂದ. ಗುರುವಾರ ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲದ ದಿನ.

ಅಂಗಡಿಗೆ ಬಂದವನು ಅಭ್ಯಾಸಬಲದಿಂದ ಕೈಯನ್ನು ನಲ್ಲಿಯ ಕೆಳಗೆ ಹಿಡಿದ. ಅವನ ಕಸುಬಿನವರು ಯಾವ ಕಲ್ಲನ್ನೂ ನೀರು ಹಾಕದೆ ನೋಡುವುದಿಲ್ಲ. ಅವಳ ರೂಮಿನಲ್ಲಿ ಮಾತ್ರ ಹಳೇ ಕಲ್ಲಿಗೆ ಹನಿ ನೀರೂ ಸೋಕುವಂತಿರಲಿಲ್ಲ. ಅಲ್ಲಿ ಒಣ ಬ್ರಷ್ಷಿನದೇ ರಾಜ್ಯ. ಒಣಗಿದ್ದಾಗ ನುಣ್ಣಗೆ ಏನೂ ತೋರದ ಕೈ, ಒದ್ದೆಯಾದಾಗ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಕಾಣಿಸಿತು. ಪದರಗಳು ಅಂಗೈಗೆ ಅಡ್ಡಲಾಗಿದ್ದವು.

ಎರಡನೇ ಗುರುವಾರ ಅವನು ಬುದ್ಧನ ಪಾದದ ಬಳಿ ಕುಕ್ಕರಗಾಲಲ್ಲಿ ಕೂತು, ಒಡೆದ ತಳವನ್ನು ನೋಡಿದ. ಸವೆಯದ ಆ ಒಡಕಿನಲ್ಲಿ ಒಣಗಿದ್ದರೂ ಪದರಗಳು ಕಾಣುತ್ತಿದ್ದವು, ನೆಟ್ಟಗೆ ನಿಂತಿದ್ದವು. ಒಂದೇ ಬಂಡೆಯಲ್ಲಿ ಕೆತ್ತಿದ ಮೂರ್ತಿಗೆ ಮೈಯಲ್ಲಿ ನಿಂತ ಪದರ, ಕೈಯಲ್ಲಿ ಮಲಗಿದ ಪದರ ಇರಲು ಸಾಧ್ಯವೇ ಇಲ್ಲ. ಇದು ಈ ಬುದ್ಧನ ಕೈಯಲ್ಲ.

"ಏನ್ ಅಷ್ಟೊಂದು ನೋಡ್ತಿದೀರಿ?" ಅವಳು ಬಗ್ಗಿ ಕೇಳಿದಳು. ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ಸಿಲ್ ಜಾರಿ ಅವನ ಮಡಿಲಿಗೆ ಬಿತ್ತು.

ಹೇಳಲು ಬಾಯಿ ತೆರೆದವನು ಪೆನ್ಸಿಲ್ ಕೊಟ್ಟು, "ಪಾದ ಚೆನ್ನಾಗಿದೆ," ಅಂದ.

"ಪಾದಾನಾ! ಎಲ್ಲರೂ ಮುಖ ನೋಡ್ತಾರಪ್ಪ."

"ಮುಖಾನೂ ನೋಡ್ತಿದೀನಿ," ಅಂದವನ ಕಣ್ಣು ಬುದ್ಧನ ಮೇಲಿರಲಿಲ್ಲ. ಅವಳು ಪೆನ್ಸಿಲನ್ನು ಮತ್ತೆ ಸಿಕ್ಕಿಸಿಕೊಳ್ಳಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು.

ಮೂರನೇ ಗುರುವಾರ ಅವಳು ಚಹಾ ತರಿಸಿದಳು. ನಾಲ್ಕನೇ ಗುರುವಾರ ಅವನು ಹೊಸ ಶರ್ಟು ಹಾಕಿದ. ಅಂಗಡಿಯ ಲೆಕ್ಕ ಬರೆಯುತ್ತಿದ್ದ ಅಕ್ಕ ಕನ್ನಡಕದ ಮೇಲಿಂದ ನೋಡಿ, "ಕಲ್ಲಿಗೆ ತೋರಿಸೋಕೆ ಇಸ್ತ್ರಿ ಬೇರೆ ಕೇಡು," ಅಂದಳು.

ಅಕ್ಕನ ಎದುರು ಅವನ ಗುಟ್ಟು ನಿಲ್ಲುತ್ತಿರಲಿಲ್ಲ. ಎಲ್ಲ ಹೇಳಿಕೊಂಡ. ಅಕ್ಕ ನಗುತ್ತಾ ಕೇಳಿದಳು. ಪದರದ ವಿಷಯ ಬಂದಾಗ ನಗು ನಿಲ್ಲಿಸಿದಳು.

"ಮುಂದಿನ ವಾರ ಏನು ಅಂದೆ?"

"ಸಮಿತಿ ಒಪ್ಪಿದೆ. ಡ್ರಿಲ್ ಮಾಡ್ತಾರೆ. ಮಣಿಕಟ್ಟಿಗೂ ಕೈಗೂ ತೂತು ಕೊರೆದು ಸ್ಟೀಲ್ ಕಡ್ಡಿ ಕೂರಿಸ್ತಾರೆ."

"ಆಮೇಲೆ ತಪ್ಪು ಅಂತ ಗೊತ್ತಾದ್ರೆ ಆ ತೂತು ಮುಚ್ಚುತ್ತಾ?"

ಅಕ್ಕ ಲೆಕ್ಕದ ಪುಸ್ತಕ ಮುಚ್ಚಿದಳು.

"ಹನ್ನೊಂದು ವರ್ಷದ ಹೆಸರು ಕಣೋ ಅವಳದು. ನೀನು ಗುರುವಾರ ಗುರುವಾರ ಚಹಾ ಕುಡಿಯೋಕೆ ಅದನ್ನ ಹಾಳು ಮಾಡ್ತೀಯಾ?"

ಐದನೇ ಗುರುವಾರ ಡೈರೆಕ್ಟರ್ ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವಳು ಹೊಸ ಏಪ್ರನ್ ಕಟ್ಟಿಕೊಂಡು ಮಣಿಕಟ್ಟಿನ ಮೇಲೆ ಪೆನ್ಸಿಲಿನಿಂದ ಚುಕ್ಕಿ ಇಟ್ಟಳು. ಡ್ರಿಲ್ ಕೈಗೆತ್ತಿಕೊಂಡು, ನೋಡಿ ಈಗ, ಎನ್ನುವಂತೆ ಅವನತ್ತ ಕಣ್ಣು ಮಿಟುಕಿಸಿದಳು. ಹಾಗೆ ಅವಳು ಕಣ್ಣು ಮಿಟುಕಿಸಿದ್ದು ಅದೇ ಮೊದಲು. ಇನ್ನು ಇದು ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಬೇಡ ಮೇಡಂ. ನಿಲ್ಲಿಸಿ."

ಒದ್ದೆ ಬಟ್ಟೆ ಕೇಳಿದ. ತನ್ನ ಕೈಯನ್ನು, ಅಂದರೆ ತಾನು ತಂದ ಕೈಯನ್ನು, ಒರೆಸಿ ತೋರಿಸಿದ. ಬುದ್ಧನ ತಳದಲ್ಲಿ ಟಾರ್ಚ್ ಹಿಡಿದ. ಮಾತು ಜಾಸ್ತಿ ಬೇಕಾಗಲಿಲ್ಲ. ಡೈರೆಕ್ಟರ್ ಕೆಮ್ಮಿ, "ಕೈ ಇಲ್ಲದೇನೇ ಪ್ರದರ್ಶನಕ್ಕಿಡೋಣ ಬಿಡಮ್ಮ," ಅಂದು ಎದ್ದು ಹೋದರು.

ಅವಳು ಡ್ರಿಲ್ಲಿನ ವೈರನ್ನು ಸುತ್ತುತ್ತಾ ಕೇಳಿದಳು. "ಯಾವತ್ತು ಗೊತ್ತಾಯ್ತು?"

"ಎರಡನೇ ಗುರುವಾರ."

"ಮತ್ತೆ ಇಷ್ಟು ದಿನ?"

"ಹೇಳಿದ್ರೆ ಇಲ್ಲಿಗೆ ಬರೋಕೆ ಕಾರಣ ಇರ್ತಿರಲಿಲ್ಲ. ನಿಮ್ಮನ್ನ ನೋಡೋಕೆ ಬರ್ತಿದ್ದೆ. ನೀವಂದ್ರೆ ನಂಗಿಷ್ಟ."

ಬೇರೆ ದಿನವಾಗಿದ್ದರೆ ಆ ಮಾತಿಗೆ ಬೇರೆಯೇ ಬೆಲೆ ಇರುತ್ತಿತ್ತು. ಅವಳ ಕಣ್ಣು ತುಂಬಿತ್ತು, ಸಿಟ್ಟಿನಿಂದ.

"ನನ್ನ ಹನ್ನೊಂದು ವರ್ಷ ನಿಮಗೊಂದು ಕಾರಣ ಆಯ್ತಾ?"

ಕೈಯನ್ನು ಟವೆಲಿನಲ್ಲಿ ಸುತ್ತಿ ಅವನಿಗೆ ಕೊಟ್ಟಳು. ಸಿಟ್ಟಿನಲ್ಲೂ ಅದಕ್ಕೆ ನೋವಾಗದಂತೆ ಮೆತ್ತಗೆ ಸುತ್ತಿದ್ದಳು. ಅವನು ಗಂಟನ್ನು ಎದೆಗೆ ಅವುಚಿಕೊಂಡು ಹೊರಟ.

ಮುಂದಿನ ಗುರುವಾರ ಅವನು ಅಂಗಡಿಯಲ್ಲೇ ಇದ್ದ. ಅದರ ಮುಂದಿನ ಗುರುವಾರವೂ. ಎರಡು ಫಲಕ ಕೆತ್ತಿ ಎರಡನ್ನೂ ಕೆಡಿಸಿದ. ಅಕ್ಕ ಒಂದು ಮಾತೂ ಆಡಲಿಲ್ಲ. ಅವಳಿಗೆ ಅದು ಸಣ್ಣ ಕಷ್ಟವಲ್ಲ.

ಸೋಮವಾರ, ಮ್ಯೂಸಿಯಮ್ಮಿಗೆ ರಜೆ. ಅವನು ಕಟ್ಟೆಕಲ್ಲಿನ ಅಂಚು ಉಜ್ಜುತ್ತಿದ್ದಾಗ ನೆರಳು ಬಿತ್ತು. ತಲೆ ಎತ್ತಿದರೆ ಅವಳು. ಏಪ್ರನ್ ಇಲ್ಲ, ಧೂಳಿಲ್ಲ. ಬರಿಗೈಯಲ್ಲಿ ನಿಂತಿದ್ದಳು.

ಅವನು ಮಷೀನ್ ಆಫ್ ಮಾಡಿ ಗಡಿಬಿಡಿಯಿಂದ ಎದ್ದ. "ಕೈ ಬೇಕಿತ್ತಾ? ಒಳಗಿದೆ, ತರ್ತೀನಿ."

"ಬೇಡ."

"ಮತ್ತೆ ರಿಪೋರ್ಟಿಗೆ ಏನಾದ್ರೂ ಸಹಿ..."

"ರಿಪೋರ್ಟ್ ಕೊಟ್ಟಾಯ್ತು. ತಪ್ಪು ನಂದು, ಕಂಡುಹಿಡಿದೋರು ನೀವು ಅಂತ ಬರ್ದಿದೀನಿ. ನಿಮ್ಮ ಮೇಲೆ ಅರ್ಧ ಸಿಟ್ಟು, ನನ್ನ ಮೇಲೆ ಅರ್ಧ. ಕೈ ಅದೇ ಆಗಿರಲಿ ಅಂತ ಎಷ್ಟು ಆಸೆ ಇತ್ತು ಅಂದ್ರೆ, ಕಣ್ಣಿಗೆ ಹಾಗೇ ಕಂಡುಬಿಡ್ತು."

"ನನ್ನ ಪಾಲಿನ ಸಿಟ್ಟು ಇನ್ನೂ ಇದೆಯಾ?"

"ಸ್ವಲ್ಪ ಇದೆ. ಇರುತ್ತೆ."

ಅಕ್ಕ ಕೌಂಟರಿನಿಂದ ಎದ್ದು, ಯಾವ ಕೆಲಸವೂ ಇಲ್ಲದ ಹಿತ್ತಿಲಿಗೆ ಸರಸರನೆ ಹೋದಳು.

"ಹಾಗಾದ್ರೆ ಯಾಕೆ ಬಂದ್ರಿ?" ಅವನು ಕೇಳಿದ.

ಅವಳು ಕೊಯ್ದಿಟ್ಟ ಕಲ್ಲುಗಳನ್ನು ನೋಡಿದಳು, ಅವನ ಒದ್ದೆ ಕೈಗಳನ್ನು ನೋಡಿದಳು, ಕೊನೆಗೆ ಮುಖ ನೋಡಿದಳು.

"ಸುಮ್ಮನೆ," ಅಂದಳು. "ನಿಮ್ಮನ್ನ ನೋಡಬೇಕು ಅನ್ನಿಸ್ತು. ಬಂದೆ. ಅದಕ್ಕೊಂದು ಕಾರಣ ಬೇಕು ಅಂತ ನಿಮಗ್ಯಾರು ಹೇಳಿದ್ದು?"