ಶುಕ್ರವಾರದೊಳಗೆ ಒಂದೆಳೆ

ಮಂಗಳವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ದೂರು ಬಂತು. ನಿವೃತ್ತ ಭೂಮಾಪಕರೊಬ್ಬರ ಮನೆಯ ಗಾಜಿನ ಬೀರುವಿನಿಂದ ಹಿತ್ತಾಳೆಯ ಥಿಯೊಡೊಲೈಟ್ ಕಳುವಾಗಿತ್ತು. ನೆಲ ಅಳೆಯುವಾಗ ಕೋನ ನೋಡುವ, ದುರ್ಬೀನು ಕೂಡಿಸಿದ ಉಪಕರಣ ಅದು. ದೂರು ತಂದವಳು ಅವರ ಮಗಳು.

"ಬೀಗ ಒಡೆದಿದ್ರಾ?" ಇನ್‌ಸ್ಪೆಕ್ಟರ್ ಕೇಳಿದರು.

"ಇಲ್ಲ ಸಾರ್."

"ಮನೆಗೆ ಯಾರು ಬಂದಿದ್ರು?"

"ಹೊರಗಿನೋರು ಯಾರೂ ಬಂದಿಲ್ಲ. ಸೋಮವಾರ ನಾನು ಅಪ್ಪನ ಜೊತೆ ಆಸ್ಪತ್ರೇಲಿದ್ದೆ. ಕಣ್ಣಿನ ಆಪರೇಷನ್. ಶುಕ್ರವಾರ ಪಟ್ಟಿ ಬಿಚ್ತಾರೆ. ಕಣ್ಣು ಬಂದ್ರೆ ಮೊದ್ಲು ಅದರಲ್ಲೇ ನೋಡ್ತೀನಿ ಅಂತ ಕೂತಿದಾರೆ. ಕಳುವಾಗಿದೆ ಅಂತ ಇನ್ನೂ ಹೇಳಿಲ್ಲ."

ಎಫ್‌ಐಆರ್ ದಾಖಲಾಯಿತು. ಸ್ಥಳ ಪಂಚನಾಮೆಯಲ್ಲಿ ಬರೆಯಲು ಸಿಕ್ಕಿದ್ದು ಬೀರುವಿನ ಧೂಳಿನಲ್ಲಿ ಉಪಕರಣ ಕೂತಿದ್ದ ಮೂರು ಕಾಲಿನ ಗುರುತು, ಅಷ್ಟೇ.

ಕದ್ದ ಮಾಲು ಇಂಟರ್ನೆಟ್ಟಿನಲ್ಲಿ ಮಾರಾಟಕ್ಕೆ ಬರುತ್ತದೆಂಬುದು ಇನ್‌ಸ್ಪೆಕ್ಟರರ ಲೆಕ್ಕ. ಹುಡುಕುವ ಕೆಲಸ ಮಹಿಳಾ ಕಾನ್‌ಸ್ಟೇಬಲ್ ತಲೆಗೆ ಬಂತು. ಸದಾ ಏನಾದರೂ ಕೇಳುತ್ತಲೇ ಇರುವ ಆಕೆಗೆ ಠಾಣೆಯವರು ಇಟ್ಟ ಹೆಸರು ಪ್ರಶ್ನೆಪತ್ರಿಕೆ.

'ಥಿಯೊಡೊಲೈಟ್' ಎಂದು ಹಾಕಿದಳು. ಎಂಜಿನಿಯರಿಂಗ್ ಪಾಠಗಳು ಸುರಿದವು. 'ಮಾರಾಟಕ್ಕೆ' ಎಂದು ಸೇರಿಸಿದಳು. ಹೊಸ ಉಪಕರಣಗಳ ಅಂಗಡಿಗಳು ಬಂದವು. ಕಳ್ಳನಿಗೆ ಅದರ ಹೆಸರು ಗೊತ್ತಿರಬೇಕೆಂದೇನಿದೆ? 'ಹಳೇ ಹಿತ್ತಾಳೆ ದುರ್ಬೀನು' ಎಂದಳು. ಶೋಕೇಸಿನ ಆಟಿಕೆಗಳು ಸಾಲುಗಟ್ಟಿದವು. ಉಪಕರಣದ ಮೇಲೆ ಕೊರೆದ ಸಂಖ್ಯೆ ಹಾಕಿದರೆ ಏನೂ ಇಲ್ಲ.

ಬುಧವಾರ ಮಧ್ಯಾಹ್ನ ಹೆಡ್ ಕಾನ್‌ಸ್ಟೇಬಲ್ ಇಣುಕಿದರು. "ಏನಮ್ಮಾ ಪ್ರಶ್ನೆಪತ್ರಿಕೆ, ಉತ್ತರ ಸಿಕ್ತಾ?"

"ನಾನು ನನ್ನ ಮಾತಲ್ಲಿ ಕೇಳ್ತಿದೀನಿ ಸಾರ್. ಬರೆದೋನ ಮಾತು ಬೇಕು."

"ಬರೆದೋನು ಗೊತ್ತಿದ್ರೆ ಹುಡುಕೋದ್ಯಾಕೆ? ಹೋಗಿ ಎಳ್ಕೊಂಡು ಬರೋದಪ್ಪ."

ಆಕೆ ಭೂಮಾಪಕರ ಮಗಳಿಗೆ ಫೋನ್ ಮಾಡಿದಳು. "ಅದನ್ನ ಹೊತ್ತೋರು, ಒರೆಸಿದೋರು ಏನಂತ ಕರೀತಿದ್ರು?"

"ಒಂಟಿಗಣ್ಣ. ಅಪ್ಪನ ತಂಡದೋರು ಹಂಗೇ ಅನ್ನೋದು."

'ಒಂಟಿಗಣ್ಣ ಹಿತ್ತಾಳೆ ಮಾರಾಟಕ್ಕೆ.' ಇಲ್ಲ. ಆಕೆ ಪರದೆಯನ್ನೇ ದಿಟ್ಟಿಸಿದಳು. ಕದ್ದವನು ಮಾರುತ್ತಾನೆಂದು ಹೇಳಿದವರು ಯಾರು? ಕೊನೆಯ ಪದ ಅಳಿಸಿದಳು. ಹಳೆಯ ಉಪಕರಣ ರಿಪೇರಿ ಮಾಡುವವರ ಚರ್ಚಾಪುಟವೊಂದು ತೆರೆದುಕೊಂಡಿತು. ಸೋಮವಾರ ಸಂಜೆ 4.15ಕ್ಕೆ ಯಾರೋ ಬರೆದಿದ್ದರು: 'ನಮ್ಮ ಹಿತ್ತಾಳೆ ಒಂಟಿಗಣ್ಣನ ದುರ್ಬೀನಿನೊಳಗೆ ಗುರಿ ಹಿಡಿಯೋಕೆ ಅಡ್ಡ ಕೂರಿಸಿರೋ ಜೇಡರಬಲೆ ಎಳೆ ಕಡಿದಿದೆ. ಹೊಸದು ಕೂರಿಸೋದು ಹೇಗೆ? ಶುಕ್ರವಾರದೊಳಗೆ ಆಗಬೇಕು.'

ಶುಕ್ರವಾರ. ಆಕೆ ಮತ್ತೆ ಫೋನ್ ಎತ್ತಿದಳು.

"ಅಕ್ಕಾ, ತಂಡದೋರು ಈಗ್ಲೂ ಮನೆಗೆ ಬರ್ತಾರಾ?"

"ಚೈನ್ ಮಾವ ಒಬ್ರೇ. ಅಪ್ಪನ ಜೊತೆ ಅಳತೆ ಚೈನು ಹಿಡೀತಿದ್ರು. ಸೋಮವಾರ ಮನೆ ನೋಡ್ಕೊಂಡಿದ್ದೇ ಅವರು."

"ಹೊರಗಿನೋರು ಯಾರೂ ಬಂದಿಲ್ಲ ಅಂದ್ರಿ?"

"ಚೈನ್ ಮಾವ ಹೊರಗಿನೋರಾ?"

ಗುರುವಾರ 11.05ಕ್ಕೆ ಇಬ್ಬರು ಪಂಚರೊಂದಿಗೆ ಪೊಲೀಸರು ಚೈನ್ ಮಾವನ ಸೈಕಲ್ ರಿಪೇರಿ ಅಂಗಡಿ ಹೊಕ್ಕರು. ಒಗೆದ ಬಟ್ಟೆಯ ಮೇಲೆ ಥಿಯೊಡೊಲೈಟ್ ಇತ್ತು, ಪಕ್ಕದ ಬಾಟಲಿಯಲ್ಲಿ ಒಂದು ಜೇಡ. ಮುದುಕರು ತಲೆ ಎತ್ತಲಿಲ್ಲ.

"ಒಂದ್ನಿಮಿಷ ಸಾರ್, ಉಸಿರು ಬಿಡಬೇಡಿ. ಅಂಟು ಒಣಗ್ತಿದೆ."

ಇನ್‌ಸ್ಪೆಕ್ಟರ್, ಕಾನ್‌ಸ್ಟೇಬಲ್, ಪಂಚರು ಎಲ್ಲರೂ ಉಸಿರು ಹಿಡಿದು ನಿಂತರು. ಆಮೇಲೆ ಜಪ್ತಿ ಪಂಚನಾಮೆ, ಬಂಧನ.

"ಯಾಕೆ ತಗೊಂಡ್ರಿ?" ಇನ್‌ಸ್ಪೆಕ್ಟರ್ ಕೇಳಿದರು.

"ಸಾಹೇಬ್ರು ರಿಟೈರಾದ ದಿನ ಬೀರುಗೆ ಇಡೋವಾಗ ಕೈ ಜಾರ್ತು. ಒಳಗೆ ಎಳೆ ಹೋಯ್ತು. ಅವರು ಮತ್ತೆ ತೆಗೀಲೇ ಇಲ್ಲ, ಇಪ್ಪತ್ತೆರಡು ವರ್ಷ. ಈಗ ನೋಡ್ತಾರಲ್ಲ."

"ಅವತ್ತೇ ಹೇಳ್ಬಹುದಿತ್ತು."

"ಕೂಸಿನ ಥರ ಹಿಡ್ಕೋತಾನೆ ಇವನು ಅಂತ ಎಲ್ಲರೆದುರು ಹೊಗಳಿದ್ರು ಸಾರ್. ಅವತ್ತೇ."

ಶುಕ್ರವಾರ ಸಂಜೆ 4ಕ್ಕೆ ಮಾಲನ್ನು ಗುರುತಿಸಲು ಭೂಮಾಪಕರು ಮಗಳ ಕೈ ಹಿಡಿದು ಠಾಣೆಗೆ ಬಂದರು. ಬೆಳಿಗ್ಗೆ ಕೋರ್ಟಿನಲ್ಲಿ ಜಾಮೀನು ಪಡೆದ ಚೈನ್ ಮಾವ ಸಹಿ ಹಾಕಲು ಬೆಂಚಿನ ಮೇಲೆ ಕೂತಿದ್ದರು. ಭೂಮಾಪಕರು ಕಪ್ಪು ಕನ್ನಡಕ ತೆಗೆದು, ಕಿಟಕಿಯಾಚೆಗೆ ದುರ್ಬೀನು ತಿರುಗಿಸಿ ಬಹಳ ಹೊತ್ತು ನೋಡಿದರು.

"ನಂದೇ," ಎಂದರು. ಬೆಂಚಿನ ಕಡೆ ತಿರುಗದೆ ಕೇಳಿದರು, "ಎಳೆ ಒಂಚೂರು ದಪ್ಪ ಆಯ್ತಲ್ಲೋ?"

"ಅಂಗಡೀಲಿ ಸಿಕ್ಕಿದ್ದು ಅದೊಂದೇ ಜೇಡ ಸಾರ್."

ಕಾನ್‌ಸ್ಟೇಬಲ್ ಕಡತ ಎಳೆದುಕೊಂಡಳು. 'ಕೃತ್ಯದ ಉದ್ದೇಶ' ಎಂಬಲ್ಲಿ ಮಂಗಳವಾರವೇ ಪೆನ್ಸಿಲಿನಲ್ಲಿ 'ಮಾರಾಟ' ಎಂದು ಬರೆದಿಟ್ಟಿದ್ದಳು. ಅದನ್ನು ಉಜ್ಜಿ, ಶಾಯಿಯಲ್ಲಿ ಬರೆದಳು: ಹೊಗಳಿಕೆ ಉಳಿಸಿಕೊಳ್ಳಲು.