ಬೀಜದಂಗಡಿಯ ಮೂರನೇ ಸ್ಟ್ಯಾಂಡು

ಅವಳು ಮೂರು ವಾರ ಕೂತು ಬಿಡಿಸಿದ ಟೊಮೆಟೊವನ್ನು ಯಾರೋ ಗರಗಸದಿಂದ ಕೊಯ್ದು ಹಾಕಿದ್ದರು.

ಬೀಜದ ಕಂಪನಿಗಾಗಿ ಅವಳು ರೂಪಿಸಿದ, ಪೊಟ್ಟಣಗಳನ್ನು ಜೋಡಿಸಿಡುವ ಆಳೆತ್ತರದ ರಟ್ಟಿನ ಸ್ಟ್ಯಾಂಡು ಅದು. ಸೂಪರ್ ಮಾರ್ಕೆಟ್ಟುಗಳಲ್ಲಿ ಅದರ ಮುಂದೆ ಟ್ರಾಲಿಗಳು ತಾವಾಗಿ ನಿಲ್ಲುತ್ತಿದ್ದವು. ನರ್ಸರಿಗಳಿಗೆಂದು ಮಾಡಿದ ಅದರ ಗಿಡ್ಡ ತಮ್ಮನೂ ಗೆದ್ದಿದ್ದ. ಊರಂಚಿನ ಈ ಬೀಜದಂಗಡಿಯಲ್ಲಿ ಮಾತ್ರ ಅದು ನೆತ್ತಿಯ ಟೊಮೆಟೊ ಚಿತ್ರ ಕಳೆದುಕೊಂಡು, ನೆಲ ತೊಳೆದ ನೀರು ಕುಡಿದು ಬುಡ ಉಬ್ಬಿಸಿಕೊಂಡು, ಗೋಡೆಗೆ ಒರಗಿತ್ತು.

"ಯಾರ್ರೀ ಇದನ್ನ ಕೊಯ್ದಿದ್ದು?"

"ನಾನೇ," ಅಂದ ಅಂಗಡಿಯವನು. "ನಿಮ್ಮ ಟೊಮೆಟೊ ನನ್ನ ಮುಖಕ್ಕೆ ಅಡ್ಡ ಬರ್ತಿತ್ತು."

"ಆ ಮುಖ ನೋಡಿ ಯಾರಾದ್ರೂ ಬೀಜ ತಗೋತಾರಾ?"

"ಇಷ್ಟು ವರ್ಷ ತಗೊಂಡಿದಾರೆ ಮೇಡಂ. ಟೊಮೆಟೊ ನೋಡಿ ಇನ್ನೂ ಯಾರೂ ತಗೊಂಡಿಲ್ಲ."

ಮೂಲೆಯಲ್ಲಿ ಮೊರ ಹಿಡಿದು ಅವರೆ ಆರಿಸುತ್ತಿದ್ದ ಅವನ ಸೋದರತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಟೊಮೆಟೊ ಬಿಡಿಸಿದವಳಿಗೆ ಸಿಟ್ಟು ಬಂತು. ಆದರೆ ಕಣ್ಣೆತ್ತಿ ನೋಡಿದ ಅವನ ಮುಖದಲ್ಲಿ ಗೇಲಿಯಿರಲಿಲ್ಲ. ಹುಬ್ಬಿನ ಮೇಲೆ ಹೊಟ್ಟಿನ ಧೂಳು ಮಾತ್ರ ಇತ್ತು. ಚಿಕ್ಕ ಅಂಗಡಿಗಳಿಗೂ ಸ್ಟ್ಯಾಂಡು ಬೇಕೆಂದು ಆಫೀಸಿನಲ್ಲಿ ಜಗಳವಾಡಿದವಳು ಅವಳೇ. 'ಊರಂಚಿನ ಆ ಒಂದು ಅಂಗಡಿಯಲ್ಲಿ ಮೂರು ಸಲ ಪ್ರಯತ್ನಿಸಿ ನೋಡು, ಸ್ಟ್ಯಾಂಡು ನಿಲ್ಲದಿದ್ದರೆ ಚಿಕ್ಕ ಅಂಗಡಿಗಳ ಕೆಲಸವನ್ನೇ ಬಿಟ್ಟುಬಿಡೋಣ' ಎಂದಿದ್ದರು ಸಾಹೇಬರು. ಇದು ಒಂದನೆಯದು.

"ಒಂದು ಸ್ಟೂಲ್ ಕೊಡಿ. ಇವತ್ತೆಲ್ಲ ಇಲ್ಲೇ ಕೂತಿರ್ತೀನಿ."

"ಏನ್ ಮಾಡೋಕೆ?"

"ಆ ಮುಖದಲ್ಲಿ ಅಂಥದ್ದೇನಿದೆ ಅಂತ ನೋಡೋಕೆ."

ಅವನ ಕಿವಿ ಕೆಂಪಾಯಿತು. "ಲೋ, ತಕ್ಕಡಿ ಆಚೆ ಸುರೀತಿದೀಯಲ್ಲೋ!" ಎಂದಳು ಅತ್ತೆ.

ಅವಳು ಕೂತು ನೋಡಿದಳು. ಇಲ್ಲಿ ಯಾರೂ ಪೊಟ್ಟಣಕ್ಕೆ ಕೈ ಹಾಕುತ್ತಿರಲಿಲ್ಲ. ಅವನ ಮುಂದಿನ ಕಟ್ಟೆಗೆ ಮೊಣಕೈ ಊರಿ ಅಂಗೈ ಚಾಚುತ್ತಿದ್ದರು. ಅವನು ಚಿಟಿಕೆ ಬೀಜ ಸುರಿಯುತ್ತಿದ್ದ. ಅದನ್ನು ಬೆರಳಲ್ಲಿ ಹೊರಳಿಸಿ, ಕೊನೆಗೆ ಅವನ ಮುಖ ನೋಡುತ್ತಿದ್ದರು. ಅವನು ತಲೆಯಾಡಿಸಿದರೆ ವ್ಯಾಪಾರ. ಆಡಿಸದಿದ್ದರೆ ಬೇರೆ ಬೀಜ.

ಎರಡನೆಯದನ್ನು ಗಿಡ್ಡಗೆ ಮಾಡಿ, ತಗಡಿನ ಕಾಲು ಕೊಟ್ಟು ತಂದಳು. "ಕಾಲು ಚೆನ್ನಾಗಿದೆ. ಅಂಗೈಗೆ ಮಾತ್ರ ಏನೂ ಬೀಳಲ್ಲ," ಎಂದ. ಅವಳು ವಾದ ಮಾಡದೆ ವಾಪಸು ಒಯ್ದಳು. ಆಮೇಲೆ ಪ್ರತಿ ಬುಧವಾರ ಬಂದಳು. ಅಳೆಯಲು ಏನೂ ಉಳಿಯದ ಬುಧವಾರವೂ ಟೇಪು ಹಿಡಿದು ಬಂದಳು. ಅತ್ತೆ ಅವಳನ್ನು 'ಅಳತೆಯಮ್ಮ' ಎಂದು ಕರೆಯತೊಡಗಿದಳು.

ಮೂರನೆಯದು ಮೊಣಕೈ ಎತ್ತರದ್ದು. ಪ್ರತಿ ಸಾಲಿನ ಮುಂದೆ ಒಂದು ಗಾಜಿನ ಕುಪ್ಪಿ. ಬಾಗಿಸಿದರೆ ಅಂಗೈಗೆ ಚಿಟಿಕೆ ಬೀಜ. ಕಟ್ಟೆಯ ಒಂದು ಅಂಚಿಗೆ ಅದು ಕೂತಿತು. ಮಧ್ಯೆ ಅವನ ಮುಖಕ್ಕೆ ಜಾಗ ಖಾಲಿ ಬಿಟ್ಟಿದ್ದಳು.

ಮೊದಲು ಬಂದ ಅಜ್ಜಿ ತಾನೇ ಕುಪ್ಪಿ ಬಾಗಿಸಿದಳು, ಹೊರಳಿಸಿದಳು, ಅವನ ಕಡೆ ನೋಡಿದಳು. ಅವನು ತಲೆಯಾಡಿಸಿದ. ಅಜ್ಜಿ ಎರಡು ಪೊಟ್ಟಣ ಕೊಂಡು ಹೋದಳು.

ಸಂಜೆಯ ಹೊತ್ತಿಗೆ ಸಾಲುಗಳು ಅರ್ಧ ಖಾಲಿಯಾಗಿದ್ದವು. ಅವಳು ಒಪ್ಪಿಗೆಯ ಕಾಗದ ಮುಂದಿಟ್ಟಳು. ಅವನು ಪೆನ್ನು ಹಿಡಿದು ಹಾಗೇ ಕೂತ.

"ಸಹಿ ಮರೆತುಹೋಯ್ತೇನೋ?" ಎಂದಳು ಅತ್ತೆ.

"ಏನಾದ್ರೂ ತಪ್ಪಿದೆಯಾ?" ಅವಳು ಕಾಗದದತ್ತ ಬಗ್ಗಿ ಕೇಳಿದಳು.

"ಬೆಳಿಗ್ಗೆಯಿಂದ ಹುಡುಕ್ತಿದೀನಿ. ಒಂದೂ ಸಿಗ್ತಿಲ್ಲ."

"ತಪ್ಪು ಯಾಕೆ ಬೇಕು ನಿಮಗೆ?"

"ಸಿಕ್ಕಿದ್ರೆ ಮುಂದಿನ ಬುಧವಾರವೂ ಬರ್ತಿದ್ರಿ." ಅವನು ಸಹಿ ಹಾಕಿದ. "ಸುಳ್ಳು ಹೇಳೋಣ ಅಂತಲೂ ಅನ್ನಿಸ್ತು. ಆದ್ರೆ ನೀವು ಇದಕ್ಕಾಗಿ ಪಟ್ಟ ಪಾಡು ಕಣ್ಣಾರೆ ಕಂಡಿದೀನಿ."

ಅವಳು ಕಾಗದ ಮಡಿಸಿ ಚೀಲಕ್ಕಿಟ್ಟಳು. ಮೆಟ್ಟಿಲವರೆಗೆ ಹೋಗಿ, ತಿರುಗಿ ನಿಂತಳು.

"ಇನ್ನು ಭಾನುವಾರ ಬರ್ತೀನಿ. ಆಫೀಸಿಗಾಗಿ ಅಲ್ಲ. ಬರ್ಲಾ?"

"ಬಾರಮ್ಮ, ಅದಕ್ಕೇನು!" ಎಂದಳು ಅತ್ತೆ.

"ನಾನು ಇವರನ್ನ ಕೇಳಿದ್ದು," ಅಂದಳು, ಕದಲದೆ.

ಅವನು ಕಟ್ಟೆಯ ಹಲಗೆ ಎತ್ತಿ ಈಚೆಗೆ ಬಂದ. ಇಷ್ಟು ದಿನದಲ್ಲಿ ಅವರಿಬ್ಬರ ನಡುವೆ ಕಟ್ಟೆಯಿಲ್ಲದ್ದು ಇದೇ ಮೊದಲು.

"ನೀವು ಒಬ್ಬರೇ ಯಾಕೆ ಅಷ್ಟು ದೂರ ಬರ್ಬೇಕು? ನಾನೇ ನಿಮ್ಮ ಬಸ್ ಸ್ಟಾಪಿಗೆ ಬರ್ತೀನಿ. ಹತ್ತು ಗಂಟೆಗೆ."

"ಒಂಬತ್ತಕ್ಕೆ," ಅಂದಳು ಅವಳು.