ಮ್ಯಾಲಿನ ಖೋಲಿಯ ಸಮುದ್ರ

ನನ್ನ ಮುಖ ಉಪ್ಪುನೀರಿನ್ಯಾಗ ಮುಳುಗಿತ್ತು.

ಕುತ್ತಿಗಿ ಮ್ಯಾಲ ದೀಪಕ ಸಾವಕಾರನ ಕೈ. ಕಣ್ಣು ತೆರಕೊಂಡ ಇದ್ವು. ಉರಿ ಅಂದ್ರ ಉರಿ! ಕಿತ್ತಳಿ ಬಣ್ಣದ ಮೀನೊಂದು ಮೂಗಿನ ಮುಂದ ಬಂದು ನಿಂತು ನೋಡ್ತು... ಹೋತು. ಅದನ್ನ ತಂದು ಬಿಟ್ಟಾಕಿ ನಾನ!

ಕೂದಲಾ ಹಿಡದು ಮ್ಯಾಲೆತ್ತಿದ.

"ಯಾರ ಕಳಿಸ್ಯಾರ ನಿನ್ನ?"

"ನೀವ ಕರಸೀರಲ್ರಿ... ಟ್ಯಾಂಕ್ ಸೆಟ್ ಮಾಡಾಕ."

ಮತ್ತ ಒಳಗ!

ಕೇಳ್ರಿ, ನಾ ನರ್ಗೀಸ. ಬಾಗಲಕೋಟಿ ನವನಗರದಾಗ ನಂದು ಅಕ್ವೇರಿಯಂ ಅಂಗಡಿ. ಸಮುದ್ರದ ಟ್ಯಾಂಕ್ ಕಟ್ಟಾಕ ಬರೋದು ಈ ಕಡೆ ನನಗೊಬ್ಬಾಕಿಗೇ.

ದೀಪಕ ಇಳಕಲ್ಲಿನ ಗ್ರಾನೈಟ್ ಸಾವಕಾರ. ಎರಡು ವರ್ಷದ ಹಿಂದ ಜೀವಂತ ಹವಳದ ಆಸೆ ಹತ್ತಿ ತನ್ನ ಡ್ರೈವರನ್ನ ಕಡಲಿಗೆ ಕಳಿಸಿದ್ದ. ಕಡಲಿನ ಹವಳ ಕಿತ್ತು ತರೋದು ಹುಲಿ ಹೊಡದಷ್ಟ ದೊಡ್ಡ ಗುನ್ನೆ. ಕುಳಗೇರಿ ಕ್ರಾಸ್‌ನ್ಯಾಗ ಗಾಡಿ ಸಿಕ್ಕಿಬಿತ್ತು.

"ಡ್ರೈವರ್ ಏನ್ ತರ್ತಾನ ನನಗೇನ್ ಗೊತ್ರಿ?" ಅಂದ ಸಾವಕಾರ.

ಅಷ್ಟ!

ಡ್ರೈವರಗ ಹನ್ನೊಂದು ತಿಂಗಳ ಜೇಲು. ಅದರ ನಡುವ ಅವನ ಅವ್ವ ಬಿಬಿಜಾನ ತೀರಿಕೊಂಡ್ಲು. ನಾ ಬಾಗಲದಾಗ ನಿಂತು ನೋಡಿದೆ. ಜನಾಜಾ ಹೊರೋರಾಗ ಒಂದು ಹೆಗಲು ಕಡಿಮಿ ಇತ್ತು.

ಡ್ರೈವರ್ ಹೆಸರು ರಿಜ್ವಾನ. ನನ್ನ ತಮ್ಮ.

ಈ ವರ್ಷ ಸಾವಕಾರ ಹೊಸ ಮನಿ ಕಟ್ಟಿಸಿದ. ಮ್ಯಾಲಿನ ಖಾಲಿ ಖೋಲಿಗೆ ಸಾವಿರದ ಇನ್ನೂರು ಲೀಟರ್ ಟ್ಯಾಂಕ್ ಬೇಕಂದ. ಫೋನ್ ನನಗ ಬಂತು. ಡ್ರೈವರಗ ಅಕ್ಕ ಒಬ್ಬಾಕಿ ಅದಾಳಂತ ಸಾವಕಾರಗ ಯಾಕ ಗೊತ್ತಿರ್ತೈತಿ?

ಮೂರು ತಿಂಗಳ ಕೆಲಸ. ಭಾರ ತಡೀಲಿ ಅಂತ ಖೋಲಿ ತಳಗ ಕಬ್ಬಿಣದ ತೊಲಿ ಕೊಡಿಸಿದೆ. ಫಿಲ್ಟರ್ ನೀರಿಗೆ ಚೀಲಗಟ್ಟಲೆ ಉಪ್ಪು ಕಲಸಿದೆ. ಪಂಪು, ನೀಲಿ ಲೈಟು, ಇಳಕಲ್ ಬಿಸಲಿಗೆ ನೀರು ತಂಪಿಡೋ ಚಿಲ್ಲರ್. ಆರು ವಾರ ಬರೇ ನೀರು ಟೆಸ್ಟ್ ಮಾಡಕೋತ ಕುಂತೆ. ಹವಳ ಇಡೋ ರೀಫ್ ಟ್ಯಾಂಕಿಗೆ ಅವಸರ ನಡ್ಯಂಗಿಲ್ಲ.

ಸೇಡಿಗೂ!

"ಹವಳ ಖರೇದು ಬೇಕು" ಅಂದ ಒಂದಿನ.

"ನಾ ಮುಟ್ಟಂಗಿಲ್ರಿ. ಕಾಯ್ದೆ ಐತಿ."

"ಮತ್ತ ಯಾರನ್ನ ಕಳಿಸ್ಲಿ?"

"ನಿಮ್ಮಿಷ್ಟರಿ. ಡ್ರೈವರ್ ಕೈಯಾಗ ಕೊಟ್ರ ಹಾದ್ಯಾಗ ಸಾಯ್ತಾವ, ಅಷ್ಟ."

ಆಸೆ ಅಂಥಾದ್ದು. ಕಡಲಿಗೆ ತಾನ ಹೋದ! ನನ್ನ ನೀರಿಗೆ ಮುಳುಗಿಸಿದ ದಿನ ಮುಂಜಾನಿ ತಾನ ಹವಳದ ಡಬ್ಬಿ ಹೊತ್ತು ತಂದು, ತನ್ನ ಕೈಲೇ ಟ್ಯಾಂಕಿಗೆ ಇಳಿಸಿದ. ನಾ ಫಾರೆಸ್ಟ್ ಆಫೀಸರ್ ರೋಹಿಣಿ ಮೇಡಮ್‌ಗ ಮೆಸೇಜ್ ಹಾಕಿ ಫೋನ್ ಟೇಬಲ್ ಮ್ಯಾಲಿಟ್ಟೆ.

ಅದ ತಪ್ಪು!

ರಿಂಗಾತು. ಸ್ಕ್ರೀನ್ ತುಂಬ ರಿಜ್ವಾನನ ಫೋಟೊ. ಹಳೇ ಡ್ರೈವರನ ಮುಖ ಸಾವಕಾರ ನೋಡಿಬಿಟ್ಟ... ನನ್ನ ಕುತ್ತಿಗಿಗೆ ಕೈ ಹಾಕಿದ.

ಮೂರನೇ ಸಲ ಎತ್ತಿದಾಗ ಕೆಮ್ಮಿದೆ. ಕೆಮ್ಮಕೋತನ ನಕ್ಕೆ.

"ಫಾರೆಸ್ಟ್ ಜೀಪು ಹುನಗುಂದ ದಾಟೇತ್ರಿ. ಹದಿನೈದು ನಿಮಿಷ."

ಕೈ ಸಡಲಾತು.

"ದುರಗಪ್ಪಾ!"

ಮನಿ ಕೆಲಸದ ಮುದುಕ ಓಡಿ ಬಂದ.

"ಹವಳ ಬಕೆಟ್‌ನ್ಯಾಗ ಹಾಕ್ಕೊ. ಕ್ವಾರಿ ಹೊಂಡಕ್ಕ ಒಗದು ಬಾ, ಲಗೂನ!"

ದುರಗಪ್ಪ ಟ್ಯಾಂಕ್ ನೋಡಿದ. ನೀರು ಸೋರೋ ನನ್ನ ಮುಖ ನೋಡಿದ.

"ನಾ ಒಯ್ಯಂಗಿಲ್ರಿ, ಸಾವಕಾರ್ರ. ರಿಜ್ವಾನ ಜೇಲಿಗೆ ಹೋಗಿದ್ದು ಸಾಕು."

ದೀಪಕ ತಾನ ಬಕೆಟ್ ತುಂಬಿದ. ನನ್ನ ರಟ್ಟಿ ಹಿಡದು ಕಾರಿಗೆ ನೂಕಿದ. ಬಕೆಟ್ ಇಬ್ಬರ ನಡುವ. ಗಾಡಿ ಬಿಟ್ಟ!

ನಾ ಸುಳ್ಳು ಹೇಳಿದ್ದೆ. ಜೀಪು ಹುನಗುಂದದಾಗ ಇರಲಿಲ್ಲ. ಅವನ ಗೇಟಿನಾಚೆ ಬೇವಿನ ಗಿಡದ ಬುಡಕ್ಕಿತ್ತು. ಮನ್ಯಾಗ ಸಿಕ್ರ 'ಈಕಿ ತಂದಿಟ್ಲು' ಅಂತಿದ್ದ. ಅವನ ಕೈಯಾಗ ಸಿಗಬೇಕಿತ್ತು!

ಕನ್ನಡ್ಯಾಗ ಜೀಪು ಕಾಣತು. ಆಕ್ಸಲರೇಟರ್ ತುಳದ.

ಎಂಬತ್ತು... ನೂರು... ನೂರಾ ಹತ್ತು...

"ನಿನ್ನ ಜೀವಂತ ಬಿಡಂಗಿಲ್ಲ!"

"ಮದ್ಲ ಮುಂದ ನೋಡ್ರಿ!"

ಎದುರಿಗೆ ಕಲ್ಲು ಹೇರಿದ ಲಾರಿ! ಎಡಕ್ಕ ಕತ್ತರಿಸಿದ. ನಾ ಹ್ಯಾಂಡ್ ಬ್ರೇಕ್ ಜಗ್ಗಿದೆ. ಕಾರು ಗಿರ್ರನೆ ತಿರುಗಿ ಹೊಲಕ್ಕ ಇಳದು, ಬದುವಿಗೆ ಬಡದು ನಿಂತಿತು. ಬಕೆಟ್ ಮಗುಚಿ ಬಿತ್ತು.

ರೋಹಿಣಿ ಮೇಡಮ್ ಬಂದು ಬಾಗಲಾ ತೆರದ್ರು.

"ಈ ಹವಳ ಯಾರವ್ರಿ?"

"ನನಗ... ನನಗೇನ್ ಗೊತ್ರಿ?"

"ನಿಮ್ಮ ತೊಡಿ ಮ್ಯಾಲ ಅದಾವಲ್ರಿ!"

ನಾ ಅವನ ಕಿವಿ ಹತ್ರ ಬಗ್ಗಿದೆ.

"ಯಾರ ಕಳಿಸ್ಯಾರ ಅಂತ ಕೇಳಿದ್ರಿ. ಯಾರೂ ಕಳಿಸಿಲ್ಲ. ನಾ ರಿಜ್ವಾನನ ಅಕ್ಕ."

ಆ ಮುಖ! ಅದನ್ನ ನೋಡಾಕ ಎರಡು ವರ್ಷ ಕಾದಿದ್ದೆ. ಹಣಿ ರಕ್ತ ಒರಸಿಕೊಳ್ಳೋದನ್ನೂ ಮರತು ನೋಡಿದೆ.

ಈಗ ಹವಳ ಕೋರ್ಟಿನ ಸಾಕ್ಷಿ. ಕೇಸ್ ಮುಗಿಯೋತನಕ ಸಾಯಬಾರದು ಅಂತ ಆರ್ಡರ್. ಸುತ್ತ ಹತ್ತೂರಾಗ ಸಮುದ್ರದ ನೀರು ಇರೋದು ಒಂದ ಕಡೆ... ಸಾವಕಾರನ ಮ್ಯಾಲಿನ ಖೋಲ್ಯಾಗ! ನೋಡಿಕೊಳ್ಳಾಕ ಬರೋದೂ ಒಬ್ಬಾಕಿಗೇ.

ಖೋಲಿ ಕೀಲಿ ನನ್ನ ಕಡೆ ಐತಿ. ದಿನಾ ಮಧ್ಯಾಹ್ನ ರಿಜ್ವಾನನ್ನ ಕರಕೊಂಡು ಹೋಗ್ತೇನಿ. ಅವ ಮೀನಿಗೆ ಊಟ ಹಾಕ್ತಾನ. ದುರಗಪ್ಪ ಚಹಾ ತರ್ತಾನ. ಬ್ಯಾಸಗಿ ಭಾಳ ಐತಲ್ರಿ, ಜೇಲಿನ್ಯಾಗ ಸಾವಕಾರ ಬೆವರಕೋತ ಕುಂತಿರ್ತಾನ. ಇಲ್ಲಿ ಚಿಲ್ಲರ್ ಹಗಲೂ ರಾತ್ರಿ ತಂಪಗ ಓಡ್ತೈತಿ.

ಕರೆಂಟ್ ಬಿಲ್ಲಾ?

ಅದು ಇನ್ನೂ ಅವನ ಹೆಸರಿಗೇ ಬರ್ತೈತಿ!